ಗುಬ್ಬಿಗೆ ಹಾಕಿದ ಮಣೆ

ಪಾರಿವಾಳವನ್ನು ಶಾಂತಿಯ ದೂತ ಎಂದು ಮೊದಲು ಕರೆದ ಮನುಷ್ಯನಿಗೆ ಹಿತ್ತಲು ಇದ್ದಿರಲಾರದು. ಇದ್ದಿದ್ದರೂ ಅದನ್ನು ತೊಳೆಯುವ ಕೆಲಸ ಅವನದಾಗಿರಲಿಲ್ಲ. ನಮ್ಮ ಆದೋನಿಯ ಬಿಸಿಲಿಗೆ ಪಾರಿವಾಳದ ಹಿಕ್ಕೆ ಬೆಳಿಗ್ಗೆ ಒಂಬತ್ತಕ್ಕೆಲ್ಲ ಒಣಗಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ನೀರು ಹಾಕಿ ನೆನೆಸಿ, ತಗಡಿನ ಚೂರಿನಿಂದ ಕೆರೆದು ತೆಗೆಯಬೇಕು. ನೆನೆದಾಗ ಏಳುವ ವಾಸನೆಯನ್ನು ವರ್ಣಿಸುವುದಿಲ್ಲ, ನೀವು ಈಗಷ್ಟೇ ಊಟ ಮುಗಿಸಿ ಕುಳಿತಿರಬಹುದು. ಹೋದ ದೀಪಾವಳಿಯಿಂದ ಈ ಯುಗಾದಿಯವರೆಗೆ ನಾನು ಈ ಕೆಲಸ ಮಾಡಿದ್ದೇನೆ, ಬೈದುಕೊಂಡೇ ಮಾಡಿದ್ದೇನೆ. ನನಗೆ ಪಾರಿವಾಳ ಬೇಕಿರಲಿಲ್ಲ. ಬೇಕಾಗಿದ್ದದ್ದು ಗುಬ್ಬಿ.

ಗುಬ್ಬಿಗಳಿಗೆ ನಾನೊಂದು ಅನ್ಯಾಯ ಮಾಡಿದ್ದೆ. ನಾನು ಮದುವೆಯಾಗಿ ಬಂದಾಗ ಈ ಮನೆ ಮಣ್ಣಿನ ಮಾಳಿಗೆಯದು. ಜಂತಿಯ ಸಂದು ಸಂದಿನಲ್ಲೂ ಗುಬ್ಬಿಯ ಸಂಸಾರ. ಬೇಯುವ ಬೇಳೆಯೊಳಗೆ ಹುಲ್ಲು ಉದುರಿಸುತ್ತಿದ್ದವು, ಒಣಹಾಕಿದ ಮಡಿ ಸೀರೆಯ ಮೇಲೆ ಗಲೀಜು ಮಾಡುತ್ತಿದ್ದವು, ನಾನು ಹಚ ಹಚ ಎಂದು ಸೌಟು ಬೀಸುತ್ತಿದ್ದೆ. ಹದಿನೈದು ವರ್ಷದ ಹಿಂದೆ ಆ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸುವಾಗ ಕೂಲಿಯವನು ಏಣಿಯ ಮೇಲಿನಿಂದಲೇ, "ಅಮ್ಮಾರ, ಮರಿ ಅದಾವ್ರಿ, ಎಂಟು ದಿನ ತಡೀರಿ" ಎಂದ. ಮುಹೂರ್ತ ಮೀರುತ್ತದೆ ಎಂದು ನಾನು ತಡೆಯಲಿಲ್ಲ. ಅಂದಿನಿಂದ ನಮ್ಮ ಮನೆಗೆ ಗುಬ್ಬಿ ಬಂದಿರಲಿಲ್ಲ. ಊರಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಬೋರ್ಡಿನ ಮೇಲೆ ಗುಬ್ಬಿಯ ಚಿತ್ರ ಬರೆಯುವಾಗೆಲ್ಲ ಮಣ್ಣಿನ ಹೆಂಟೆಗಳ ನಡುವೆ ಬಿದ್ದಿದ್ದ ಆ ಮರಿಗಳ ಹಳದಿ ಬಾಯಿ ನೆನಪಾಗುತ್ತಿತ್ತು. ನಿವೃತ್ತಿಯಾದ ಮೇಲೆ ನನಗೆ ಒಂದೇ ಹಟ ಹಿಡಿಯಿತು. ಕಣ್ಣು ಮುಚ್ಚುವುದರೊಳಗೆ ನನ್ನ ಹಿತ್ತಲಿಗೆ ಗುಬ್ಬಿ ಮರಳಿ ಬರಬೇಕು.

ನನ್ನ ಯಜಮಾನರು ಮಂಡಲ ಕಚೇರಿಯಿಂದ ನನಗಿಂತ ಮೊದಲೇ ನಿವೃತ್ತರಾಗಿ, ದಿನವಿಡೀ ಫೋನಿನಲ್ಲಿ ವಿಡಿಯೋ ನೋಡುತ್ತ ಸುಖವಾಗಿದ್ದರು. ಅವುಗಳಲ್ಲಿ ಯಾವುದನ್ನೋ ನೋಡಿ ಹಕ್ಕಿಗಳಿಗೆ ಕಾಳು ಹಾಕುವ ಹಲಗೆಯನ್ನು ತಾವೇ ಮಾಡುತ್ತೇನೆಂದು ಹೊರಟರು. ಅಟ್ಟದಿಂದ ಹಳೆಯ ಊಟದ ಮಣೆಯೊಂದನ್ನು ಇಳಿಸಿದರು. ಶ್ರಾದ್ಧದ ದಿನ ಬ್ರಾಹ್ಮಣರಿಗೆ ಹಾಕುತ್ತಿದ್ದ ಮಣೆ ಅದು. ಅದನ್ನು ಕಬ್ಬಿಣದ ಪೈಪಿನ ತುದಿಗೆ ಬಿಗಿದು, ಹಿತ್ತಲ ಗೋಡೆಯ ಪಕ್ಕ ಬೇವಿನ ನೆರಳಿನಲ್ಲಿ ನೆಟ್ಟರು.

"ಹಕ್ಕಿಗೂ ಮಣಿ ಹಾಕಿ ಬಡಸ್ಲಿಕ್ಕೆ ಹೊಂಟೀರೇನು?" ಎಂದೆ.

"ಕಾಲು ತೊಳಕೊಂಡು ಬರ್ರಿ ಅಂತ ನೀ ಹೇಳು, ನಾ ಬಡಸ್ತೀನಿ," ಎಂದರು.

ಅಕ್ಕಿನುಚ್ಚು ಹಾಕಿದೆವು. ಮೂರನೆಯ ದಿನಕ್ಕೆ ಹತ್ತಿ ಮಿಲ್ಲುಗಳ ತಗಡಿನ ಚಾವಣಿಯಲ್ಲಿದ್ದ ಪಾರಿವಾಳಗಳೆಲ್ಲ ನೆಂಟಸ್ತನ ಬೆಳೆಸಿಕೊಂಡು ಬಂದವು. ತುಳಸಿಕಟ್ಟೆಯ ಮೇಲೆ ಹಿಕ್ಕೆ, ಸಂಡಿಗೆಯ ಮೇಲೆ ಹಿಕ್ಕೆ, ನೀರು ಕುಡಿಯಲಿ ಎಂದಿಟ್ಟ ಮಣ್ಣಿನ ತಟ್ಟೆಯೊಳಗೂ ಹಿಕ್ಕೆ. ಕುಡಿಯುವ ನೀರಿನಲ್ಲೇ ಕುಂಡೆ ಊರಿ ಕೂರುವ ಪ್ರಾಣಿಗೆ ಬುದ್ಧಿ ಎಲ್ಲಿಂದ ಬರಬೇಕು? ಆ ಗುಟುರು ಬೇರೆ. ಹೊತ್ತು ಹುಟ್ಟುವ ಮೊದಲೇ ಕಿಟಕಿಯ ಕೆಳಗೆ ಶುರುವಾದರೆ ಅಜೀರ್ಣದವರು ನರಳಿದ ಹಾಗೆ.

ಪಾರಿವಾಳವನ್ನಾದರೂ ಸಹಿಸಬಹುದು, ಮನುಷ್ಯರನ್ನು ಸಹಿಸುವುದು ಕಷ್ಟ. ನಮ್ಮ ಹಿತ್ತಲ ಗೋಡೆ ಎದೆಯ ಮಟ್ಟದ್ದು, ಆಚೆ ಓಣಿ. ಮಣೆ ಕಂಡದ್ದೇ ತಡ, ಓಣಿಯವರಿಗೆಲ್ಲ ಪುಣ್ಯದ ಹಸಿವಾಯಿತು. ಹೋಗುತ್ತ ಬರುತ್ತ ಗೋಡೆಯ ಮೇಲಿಂದ ಕೈ ಚಾಚಿ ಹಾಕಿಹೋಗುವರು. ಹಳಸಿದ ಇಡ್ಲಿ, ಬೂಸ್ಟು ಬಂದ ಬ್ರೆಡ್ಡು, ಯಾರದೋ ಹುಟ್ಟುಹಬ್ಬದ ಕೇಕಿನ ಗುಲಾಬಿ ಕ್ರೀಮು. ಅದು ಬಿಸಿಲಿಗೆ ಕರಗಿ ಪೈಪಿನ ಉದ್ದಕ್ಕೂ ಇಳಿದು, ಇರುವೆ ಮುತ್ತಿ, ನೋಡಿದರೆ ಮೈ ಜುಮ್ಮೆನ್ನುತ್ತಿತ್ತು. ಒಂದು ದಿನ ಕೋಳಿಯ ಮೂಳೆ! ವೈಷ್ಣವರ ಮನೆಯ ಮಣೆಯ ಮೇಲೆ! ನಾನು ರಟ್ಟಿನ ಮೇಲೆ ಕನ್ನಡದಲ್ಲೂ ತೆಲುಗಿನಲ್ಲೂ ದೊಡ್ಡಕ್ಷರದಲ್ಲಿ ಬರೆದು ತೂಗುಹಾಕಿದೆ: "ಕೆಟ್ಟ ಅನ್ನ ಹಾಕಬೇಡಿ." ಮರುದಿನ ಅದೇ ರಟ್ಟಿನ ಕೆಳಗೆ ಹುಳಿ ಬಂದ ದೋಸೆ ಹಿಟ್ಟು.

ತಾನು ತಿನ್ನಲಾರದ್ದನ್ನು ಇನ್ನೊಂದು ಜೀವದ ಮುಂದಿಟ್ಟು ಕೈ ಮುಗಿಯುವುದು ಯಾವ ಸೀಮೆಯ ಪುಣ್ಯ ಎಂದು ನಾನು ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದೆ. ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ ಎನ್ನುತ್ತಿದ್ದೆ. ಈ ಗಾದೆಯನ್ನು ಆ ದಿನಗಳಲ್ಲಿ ನಾನು ಎಷ್ಟು ಸಲ ಹೇಳಿದೆನೋ, ಯಜಮಾನರು ನಾನು ಬಾಯಿ ತೆರೆದರೆ ಸಾಕು, "ಬೃಂದಾವನ," ಎಂದು ತಾವೇ ಮುಗಿಸುತ್ತಿದ್ದರು.

ಗುಬ್ಬಿಯನ್ನು ಕರೆತಂದದ್ದು ನಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸು. ಕೋಸಗಿಯ ಆಚೆಯ ಹಳ್ಳಿಯವಳು, ಕುರಿ ಕಾಯುವ ಮನೆತನದವಳು. ಮಗ ಸೊಸೆ ಸಂಕ್ರಾಂತಿಯ ಹೊತ್ತಿಗೆ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋದರೆ ಬೇಸಿಗೆ ಬಲಿತ ಮೇಲೇ ಬರುವುದು. ಇವಳು ಇಲ್ಲಿ ಊರ ಅಂಚಿನಲ್ಲಿ ಮನೆ ಮಾಡಿಕೊಂಡು, ಒಂದು ಎಮ್ಮೆ ಕಟ್ಟಿಕೊಂಡಿದ್ದಳು. ಹನ್ನೊಂದು ವರ್ಷದಿಂದ ನಮ್ಮಲ್ಲಿ ಕೆಲಸ. ಬೆಳಿಗ್ಗೆ ಆರಕ್ಕೆ ಹಿತ್ತಲ ಬಾಗಿಲಿನಿಂದ ಬಂದು, ಏಳೂವರೆಗೆ ಅದೇ ಬಾಗಿಲಿನಿಂದ ಹೋಗುತ್ತಾಳೆ. ಅವಳ ಎಮ್ಮೆಯ ಹಾಲೇ ನಮ್ಮ ದೇವರಿಗೂ ನಮ್ಮ ಕಾಫಿಗೂ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ನಮ್ಮ ಮನೆಯಲ್ಲಿ ತಂಗಳು ತಿನ್ನುವ ಪದ್ಧತಿಯಿಲ್ಲ. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ನಾವು ಮುಟ್ಟುವುದಿಲ್ಲ. ಅತ್ತೆಯವರ ಕಾಲದಿಂದಲೂ ಅದು ಕೆಲಸದವರ ಪಾಲು. ಉಳಿದದ್ದನ್ನು ಹುಳಿಯ ಸಮೇತ ಕಲಸಿ, ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಹಿತ್ತಲ ಕಟ್ಟೆಯ ಮೇಲಿಟ್ಟರೆ, ಅವಳು ಕೆಲಸ ಮುಗಿಸಿ ತೆಗೆದುಕೊಂಡು ಹೋಗಿ, ಮರುದಿನ ಡಬ್ಬಿಯನ್ನು ಫಳಫಳ ತಿಕ್ಕಿ ತರುತ್ತಿದ್ದಳು. "ನಮ್ಮ ಅನ್ನದ ಮ್ಯಾಲೆ ಒಂದು ಸಂಸಾರ ನಡೀತದ" ಎಂದು ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡದ್ದೂ ಉಂಟು.

ಸಂಕ್ರಾಂತಿಯ ಮಾರನೆಯ ದಿನ ನಾನು ತಗಡು ಹಿಡಿದು ಹಿಕ್ಕೆ ಕೆರೆಯುತ್ತಿದ್ದಾಗ ಅವಳು ಪಾತ್ರೆ ಬಿಟ್ಟು ಎದ್ದು ಬಂದಳು.

"ಅಮ್ಮಾರ, ಗುಬ್ಬಿ ಬೇಕಂದ್ರ ತೆನಿ ಕಟ್ರಿ. ಹಲಿಗಿ ಮ್ಯಾಲೆ ಹಾಕಿದ್ರ ಪಾರಿವಾಳಕ್ಕ ಕರದಂಗ ಆತು. ಪಾರಿವಾಳಕ್ಕ ಜೋತುಬಿದ್ದು ತಿನ್ನಾಕ ಬರಂಗಿಲ್ರಿ. ಗುಬ್ಬಿಗೆ ಬರ್ತೈತಿ."

ಮರುವಾರ ತನ್ನ ಊರಿಂದ ಸಜ್ಜೆ ತೆನೆಗಳ ಒಂದು ಕಟ್ಟು ತಂದಳು. ಬಾಳೆನಾರಿನಿಂದ ಒತ್ತಾಗಿ ಹೆಣೆದ ಕುಚ್ಚು, ಕೈಗೆ ಭಾರವಾಗಿತ್ತು. ಬೇವಿನ ಕೊಂಬೆಗೆ ಅವಳೇ ಕಟ್ಟಿದಳು. ಇದನ್ನು ಇಷ್ಟು ದಿನ ಯಾಕೆ ತೆಗೆದಿಟ್ಟಿದ್ದೆ ಎಂದು ಕೇಳಿದೆ.

"ಇದು ಗುಬ್ಬಿ ಪಾಲಿಂದ್ರಿ. ನಮ್ಮ ಹೊಲದಾಗ ಮೊದ್ಲ ಕೊಯ್ದ ತೆನಿ ಅವುಕ್ಕ. ಬಾಗಲಿಗೆ ಕಟ್ತೀವಿ. ಅವು ಬಾಯಿ ಇಟ್ಟ ಮ್ಯಾಲೇ ನಾವು ಸಜ್ಜಿ ಬೀಸೋದು."

ಒಂಬತ್ತು ದಿನ ಏನೂ ಇಲ್ಲ. ಹತ್ತನೆಯ ದಿನ ಬೆಳಿಗ್ಗೆ ಚಿಂವ್ ಎಂದಿತು. ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನೆಲಕ್ಕಿಟ್ಟು ಓಡಿದೆ. ನಾಲ್ಕು ಗುಬ್ಬಿ. ತೆನೆಗೆ ತಲೆಕೆಳಗಾಗಿ ಜೋತುಬಿದ್ದು ಕಾಳು ಬಿಡಿಸುತ್ತಿದ್ದವು, ಸಿಪ್ಪೆ ಉದುರುತ್ತಿತ್ತು. ಕೊರಳಿನ ಕೆಳಗೆ ಕಪ್ಪು ಮಚ್ಚೆಯಿದ್ದ ಗಂಡು ನನ್ನ ಕಡೆ ನೋಡಿ ಮತ್ತೆ ತಿನ್ನತೊಡಗಿತು. ನನಗೆ ಅಳು ಬಂತು, ಅತ್ತುಬಿಟ್ಟೆ. ಯಜಮಾನರು ಬಾಗಿಲಲ್ಲಿ ನಿಂತು, "ನನ್ನ ನೋಡಿ ಒಂದಿನಾ ಹಿಂಗ ಓಡಿ ಬರಲಿಲ್ಲ," ಎಂದರು.

ಆ ಸುಖ ಶಿವರಾತ್ರಿಯವರೆಗೆ. ಮಗ ಸೊಸೆ ಇಲ್ಲದೆ ಮೇವು ತರುವವರಿಲ್ಲ ಎಂದು ನಮ್ಮ ಹೆಂಗಸು ಎಮ್ಮೆ ಮಾರಿದಳು. ನಾವು ಪ್ಯಾಕೆಟ್ ಹಾಲಿಗೆ ಇಳಿದೆವು, ನಾನು ಆ ನೀಲಿ ನೀರನ್ನು ದಿನಾ ಶಪಿಸುತ್ತ ಕಾಯಿಸುತ್ತಿದ್ದೆ. ಅದೇ ಹೊತ್ತಿಗೆ ಬಿಸಿಲು ಏರಿತು. ಅದೇ ಹೊತ್ತಿಗೆ ಮಣೆಯ ಮೇಲೆ ಹೊಸ ಹೇಸಿಗೆ ಕಾಣಿಸಿಕೊಂಡಿತು.

ಅನ್ನ. ಹುಳಿ ಕಲಸಿದ ಅನ್ನ, ಹೆಚ್ಚುಕಡಿಮೆ ದಿನಾ. ನಾನು ಸ್ನಾನ, ಸ್ತೋತ್ರ, ದೇವರ ದೀಪ ಎಲ್ಲ ಮುಗಿಸಿ ಎಂಟು ಗಂಟೆಗೆ ಹಿತ್ತಲಿಗೆ ಬಂದರೆ ಮಣೆಯ ನಡುವೆ ಒಂದು ಗುಪ್ಪೆ. ಕಡ್ಡಿಯಿಂದ ಎತ್ತಿದರೆ ಎಳೆ ಎಳೆಯಾಗಿ ಜಿಗುಟು ಬರುತ್ತಿತ್ತು. ನೊರೆ. ಮೇಲೆ ಹಸಿರು ನೊಣ. ಆ ನಾತ ಮೂಗಿನಲ್ಲಿ ಮಧ್ಯಾಹ್ನದವರೆಗೆ ಕೂತಿರುತ್ತಿತ್ತು, ಎಲೆಯ ಮುಂದೆ ಕುಳಿತರೂ ಬಿಡುತ್ತಿರಲಿಲ್ಲ. ಪಾರಿವಾಳ ಕೂಡ ಒಮ್ಮೆ ಕುಕ್ಕಿ ಕೊಕ್ಕು ಒರೆಸಿಕೊಂಡು ಹೋಗುತ್ತಿತ್ತು. ಕಾಗೆಗಳು ಮಾತ್ರ ಬಿಡಲಿಲ್ಲ. ಕಾಗೆ ಬಂದ ಮೇಲೆ ಗುಬ್ಬಿ ನಾಲ್ಕು ಇದ್ದದ್ದು ಎರಡಾಯಿತು. ಹೆಗ್ಗಣ ಬೇವಿನ ಬುಡದಲ್ಲಿ ತೋಡಿದ ಮೇಲೆ ಎರಡೂ ಬರಲಿಲ್ಲ. ತೆನೆ ಅರ್ಧ ತಿಂದ ಹಾಗೆಯೇ ಗಾಳಿಗೆ ತೂಗುತ್ತಿತ್ತು. ಹದಿನೈದು ವರ್ಷ ಕಾದು ಕರೆಸಿಕೊಂಡ ಗುಬ್ಬಿಯನ್ನು ಯಾರೋ ಒಂದು ಹಿಡಿ ಕೊಳೆತ ಅನ್ನದಿಂದ ಓಡಿಸಿದ್ದರು. ಅವರು ಸಿಕ್ಕಿದರೆ ಸೀಳಿಬಿಡುತ್ತೇನೆ ಎಂದುಕೊಂಡೆ.

ಯಾರು ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಓಣಿಯ ಎದುರು ಮನೆಯವಳು. ತೆಲುಗಿನವಳು, ಗಟ್ಟಿ ದನಿಯವಳು, ಆ ಹಳಸಿದ ಇಡ್ಲಿಯನ್ನು ಹಾಕುವಾಗ ನನ್ನ ಕೈಗೆ ಒಮ್ಮೆ ಸಿಕ್ಕಿಬಿದ್ದಿದ್ದವಳು. ಸಾಕ್ಷಿಗಾಗಿ ನಾನು ಆ ಅನ್ನವನ್ನು ದಿನಾ ಪರೀಕ್ಷೆ ಮಾಡಿದೆ, ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣು ನನ್ನದು.

"ನೋಡ್ರಿ, ಬ್ಯಾಳಿ ನೆಟ್ಟಗ ಬೆಂದಿಲ್ಲ. ಹುಣಸಿಹಣ್ಣು ಸುರಿದಾಳ. ಇಂಥಾ ಹುಳಿ ಮಾಡಿದ್ರ ಗಂಡ ಮಕ್ಕಳು ತಿಂತಾರೇನು? ಅದಕ್ಕ ದಿನಾ ಉಳೀತದ, ಇಲ್ಲಿ ಸುರೀತಾಳ," ಎಂದೆ.

"ರುಚಿ ನೋಡಿದ್ಯೇನು?" ಎಂದರು ಯಜಮಾನರು, ಫೋನಿನಿಂದ ಕಣ್ಣೆತ್ತದೆ.

ಯುಗಾದಿಗೆ ನಾಲ್ಕು ದಿನ ಇದ್ದಾಗ ನನ್ನ ತಾಳ್ಮೆ ಮುಗಿಯಿತು. ಆ ಗುಪ್ಪೆಯನ್ನು ಮುತ್ತುಗದ ಎಲೆಯ ಮೇಲೆ ಎತ್ತಿಕೊಂಡು, ಸೆರಗಿನಿಂದ ಮೂಗು ಮುಚ್ಚಿ, ಓಣಿ ದಾಟಿ ಎದುರು ಮನೆಯ ಮೆಟ್ಟಿಲ ಮೇಲೆ ಇಟ್ಟೆ. ಓಣಿಯ ಇನ್ನೂ ನಾಲ್ಕು ಬಾಗಿಲು ತೆರೆದವು. ತರಗತಿಯ ದನಿಯಲ್ಲೇ ಕೇಳಿದೆ, ಪುಣ್ಯ ಬೇಕಾದರೆ ನಿನ್ನ ಮನೆಯ ಮುಂದೆ ಮಾಡಿಕೋ, ನನ್ನ ಗುಬ್ಬಿಯನ್ನು ಯಾಕೆ ಕೊಲ್ಲುತ್ತೀ ಎಂದು.

ಅವಳು ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಬರಲಿಲ್ಲ. ಬಗ್ಗಿ ಎಲೆಯ ಮೇಲಿನದನ್ನು ನೋಡಿದಳು, ಅಡುಗೆ ಬಲ್ಲವರು ನೋಡುವ ಹಾಗೆ.

"ಅಕ್ಕಾ, ದೀಂಟ್ಲೋ ಉಲ್ಲಿಗಡ್ಡ ಎಕ್ಕಡುಂದಿ? ಉಳ್ಳಾಗಡ್ಡಿ ಒಂದು ಚೂರರ ಐತೇನು ನೋಡ್ರಿ. ಬೆಳ್ಳುಳ್ಳಿನೂ ಇಲ್ಲ. ಉಲ್ಲಿಗಡ್ಡ ಇಲ್ದ ನಮ್ಮನ್ಯಾಗ ಒಲಿನೇ ಹಚ್ಚಂಗಿಲ್ಲ." ಆಮೇಲೆ ನನ್ನ ಮುಖ ನೋಡಿ, ಸ್ವಲ್ಪ ದನಿ ಇಳಿಸಿ, "ಇದು ಮಡಿಯೋರ ಸಾರು, ಅಕ್ಕಾ," ಎಂದಳು.

ಈ ಓಣಿಯಲ್ಲಿ ಉಳ್ಳಾಗಡ್ಡಿ ಹಾಕದ ಮನೆ ಒಂದೇ, ನಮ್ಮದು. ಅದು ನನಗೆ ಅಲ್ಲಿ ನಿಂತಾಗಲೇ ಹೊಳೆಯಿತು. ಆದರೂ ಒಪ್ಪದೆ, ಎಲೆಯನ್ನು ಎತ್ತಿಕೊಂಡು, ಬಿಗಿದ ಮುಖದಲ್ಲೇ ಮನೆಗೆ ಬಂದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವವರನ್ನು ಕುರಿತು ನಮ್ಮಲ್ಲೊಂದು ಮಾತಿದೆ. ಯಜಮಾನರು ಅದನ್ನು ಹೇಳಲಿಲ್ಲ. ಹೇಳಲಿಲ್ಲವೆಂಬುದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಮರುದಿನ ಸ್ನಾನ ಮುಗಿಸಿ, ಸ್ತೋತ್ರ ಬಿಟ್ಟು, ಏಳು ಗಂಟೆಯಿಂದ ಸಾಮಾನಿನ ಕೋಣೆಯ ಕಿಟಕಿಯ ಹಿಂದೆ ನಿಂತೆ. ಅವಳು ಪಾತ್ರೆ ತೊಳೆದು ಬೋರಲು ಹಾಕಿದಳು. ಹಿತ್ತಲು ಗುಡಿಸಿದಳು. ಕಟ್ಟೆಯ ಮೇಲಿನ ಡಬ್ಬಿ ಎತ್ತಿಕೊಂಡಳು. ಮುಚ್ಚಳ ತೆಗೆದು ಮೂಸಿ ನೋಡಿ, ಮುಖ ಪಕ್ಕಕ್ಕೆ ತಿರುಗಿಸಿದಳು. ಆ ಮುಖ ನನಗೆ ಗೊತ್ತು, ದಿನಾ ಎಂಟು ಗಂಟೆಗೆ ಅದೇ ಮುಖ ನಾನು ಮಾಡುತ್ತಿದ್ದೆ. ಆಮೇಲೆ ಚಪ್ಪಲಿ ಬಿಟ್ಟು ಬೇವಿನ ಕೆಳಗೆ ಹೋಗಿ, ಡಬ್ಬಿಯನ್ನು ಒಮ್ಮೆ ಹಣೆಗೆ ಮುಟ್ಟಿಸಿಕೊಂಡು, ಅನ್ನವನ್ನು ಮಣೆಯ ಮೇಲೆ ಬಗ್ಗಿಸಿದಳು. ಕೈ ಮುಗಿದಳು.

ನಾನು ಹೊರಗೆ ಬಂದೆ. ಅವಳು ಗಾಬರಿಯಾಗಲಿಲ್ಲ, ಡಬ್ಬಿಯನ್ನು ಮಾತ್ರ ಸೆರಗಿನ ಹಿಂದೆ ಮಾಡಿಕೊಂಡಳು.

"ನೀನಾ?" ಎಂದೆ. "ತಿನ್ನಲಿಕ್ಕೆ ಅಂತ ಕೊಟ್ಟಿದ್ದು ಇಲ್ಲಿ ಯಾಕ ಸುರೀತಿ?"

"ತಪ್ಪಾತ್ರಿ ಅಮ್ಮಾರ. ತಿಪ್ಪಿಗೆ ಹಾಕಾಕ ಮನಸು ಬರಂಗಿಲ್ರಿ, ಅನ್ನ ಅದು. ಹಕ್ಕಿ ತಿಂದಾವು ಅನ್ಕಂಡೆ." ಮಣೆಯ ಕಡೆ ನೋಡಿ ಹೇಳಿದಳು, "ಅವೂ ತಿನ್ನಲಿಲ್ರಿ."

"ಬ್ಯಾಡ ಅಂತ ನನಗ ಹೇಳಬಾರದಿತ್ತೇನು?"

"ಕೊಟ್ಟ ಅನ್ನ ಬ್ಯಾಡ ಅನಬಾರದ್ರಿ. ನೀವು ಪ್ರೀತಿಲೆ ಇಡ್ತೀರಿ."

"ಹನ್ನೊಂದು ವರ್ಷ ಒಯ್ದಿಯಲ್ಲ, ಅದನ್ನೆಲ್ಲ ಏನು ಮಾಡಿದಿ?"

ಅವಳು ನೆಲ ನೋಡಿದಳು. "ಎಮ್ಮಿಗೆ ಹಾಕ್ತಿದ್ದೆರಿ. ಕಲಗಚ್ಚಿನಾಗ. ಈಗ ಎಮ್ಮಿ ಇಲ್ಲಲ್ರಿ."

ಎಮ್ಮೆಗೆ! ನಮ್ಮ ಅನ್ನದ ಮೇಲೆ ನಡೆಯುತ್ತಿದ್ದ ಸಂಸಾರ ಅದು. ನಾವು ಮೂಗು ಮುರಿದು ಮುಟ್ಟದ ತಂಗಳನ್ನು ಎಮ್ಮೆ ತಿಂದು, ಹಾಲು ಮಾಡಿ ಮರಳಿ ಕಳಿಸಿತ್ತು. ಅದನ್ನು ಬೆಳ್ಳಿ ಬಟ್ಟಲಲ್ಲಿ ದೇವರಿಗೆ ತೋರಿಸಿ ನಾವು ಕುಡಿದಿದ್ದೆವು. ನನಗೆ ನಗು ಬರಬೇಕಿತ್ತು. ಹೇಸಿಗೆಯಾಯಿತು. ಎಮ್ಮೆಯ ಮೇಲಲ್ಲ, ಹಾಲಿನ ಮೇಲೂ ಅಲ್ಲ. ಅವಳ ಮನೆಯಲ್ಲಿ ಮೊದಲ ತೆನೆ ಗುಬ್ಬಿಗೆ. ನನ್ನ ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ, ರಾತ್ರಿಯ ಸೆಕೆಯಲ್ಲಿ ಕೊಳೆತ ಮೇಲೆ, ಮುಚ್ಚಳ ಹಾಕಿ ಅವಳಿಗೆ. ಮುಚ್ಚಳ ತೆಗೆದು ಒಂದು ದಿನವೂ ನಾನು ಮೂಸಿ ನೋಡಿರಲಿಲ್ಲ. ಹಕ್ಕಿಯ ಮಣೆಯನ್ನು ದಿನಾ ಮೂಸಿದವಳು ನಾನು.

ಗುಬ್ಬಿಯ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಮಣೆಯನ್ನು ಕಿತ್ತು ಒಳಗಿಟ್ಟೆವು, ಹೆಗ್ಗಣದ ಬಿಲಕ್ಕೆ ಕಲ್ಲು ತುಂಬಿದೆವು. ಈಗ ಬರಿ ತೆನೆ. ಯುಗಾದಿ ಕಳೆದು ಹದಿನೈದು ದಿನಕ್ಕೆ ಗುಬ್ಬಿ ಬಂದವು, ಈಗ ಆರು ಇವೆ. ಎದುರು ಮನೆಯವಳಿಗೆ ಹೋಳಿಗೆ ಕೊಟ್ಟು, ತಪ್ಪು ನನ್ನದು ಎಂದೆ. ಅವಳು ಹೋಳಿಗೆ ಮೂಸಿ ನೋಡಿ ತೆಗೆದುಕೊಂಡಳು, ಅಷ್ಟು ಹಕ್ಕು ಅವಳಿಗಿದೆ. ನಾನೀಗ ಅಕ್ಕಿ ಕಡಿಮೆ ಹಾಕುತ್ತೇನೆ. ಉಳಿದರೆ ರಾತ್ರಿಯೇ ಮಜ್ಜಿಗೆ ಕಲಸಿ ಇಬ್ಬರೂ ಮುಗಿಸುತ್ತೇವೆ. ಹೊಟ್ಟೆ ಭಾರ ಎಂದು ಯಜಮಾನರು ಗೊಣಗುತ್ತಾರೆ, ಗೊಣಗಲಿ.

ಆದರೆ ಆ ಬೆಳಿಗ್ಗೆ ಇದ್ಯಾವುದೂ ನನಗೆ ತೋಚಲಿಲ್ಲ. ಅವಳ ಸೆರಗಿನ ಹಿಂದಿನಿಂದ ಡಬ್ಬಿಯನ್ನು ಕಿತ್ತುಕೊಂಡೆ. ತಳದಲ್ಲಿ ಒಂದು ಹಿಡಿಯಷ್ಟು ಅಂಟಿಕೊಂಡಿತ್ತು. ಅದನ್ನು ಬೆರಳಿನಿಂದ ಬಳಿದು ಬಾಯಿಗೆ ಹಾಕಿಕೊಂಡೆ. "ಬ್ಯಾಡ್ರಿ ಅಮ್ಮಾರ, ಬ್ಯಾಡ್ರಿ," ಎಂದು ಅವಳು ಕೈ ಹಿಡಿಯಲು ಬಂದಳು, ನಾನು ಮಡಿಯಲ್ಲಿದ್ದೇನೆಂದು ಮುಟ್ಟದೆ ನಿಂತಳು. ಒಂದು ತುತ್ತು ನುಂಗಿದರೆ ಸಾಕು ಎಂದು ನನ್ನ ಲೆಕ್ಕ. ನುಂಗಲಾಗಲಿಲ್ಲ. ನಾಲಗೆಗೆ ಹುಳಿ ಕಚ್ಚಿತು, ಆ ಜಿಗುಟು ಅಂಗುಳಕ್ಕೆ ಅಂಟಿತು. ತುಳಸಿಕಟ್ಟೆಯ ಪಕ್ಕದಲ್ಲೇ ಬಗ್ಗಿ ಉಗಿದೆ, ಮತ್ತೆ ಮತ್ತೆ ಉಗಿದೆ.

ಅವಳು ನಲ್ಲಿಯಿಂದ ಒಂದು ಚೊಂಬು ನೀರು ಹಿಡಿದು ತಂದು ನನ್ನ ಮುಂದೆ ಇಟ್ಟಳು.

"ಬಾಯಿ ಮುಕ್ಕಳಿಸ್ರಿ ಅಮ್ಮಾರ," ಎಂದಳು. "ಮೊದಮೊದ್ಲು ತಿಂದಾಗ ನನಗೂ ಹಿಂಗ ಆಗ್ತಿತ್ತು."